ಎರಡನೆಯ ಕಂಬದ ಸಕ್ಕರೆ

ಎರ್ಲೆನ್‌ಟಾಲ್, ಪಶ್ಚಿಮ ಜರ್ಮನಿ
೧೨ ನವೆಂಬರ್ ೧೯೬೭, ಭಾನುವಾರ

ತೀರ್ಥರೂಪು ಅಪ್ಪನವರಿಗೆ ಊರ್ಮಿಳಾಳ ನಮಸ್ಕಾರ.

ಹೊಸ ಆಸ್ಪತ್ರೆಗೆ ಬಂದು ಹತ್ತು ದಿನವಾಯಿತು. ಸ್ಟುಟ್‌ಗಾರ್ಟಿನ ಗಲಾಟೆ ಇಲ್ಲಿಲ್ಲ. ನಲವತ್ತು ಹಾಸಿಗೆ, ಮೂವರು ಡಾಕ್ಟರು, ನನ್ನ ಕೈಯಲ್ಲಿ ಸೂಜಿ ಕಂಡರೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುವ ಅಜ್ಜಿಯರು. ಚಳಿಗೆ ಅಮ್ಮ ಕಳಿಸಿದ ಕಂಬಳಿ ಸಾಲದು, ಆದರೂ ಅದನ್ನೇ ಹೊದೆಯುತ್ತೇನೆಂದು ಅವಳಿಗೆ ಹೇಳಿ.

ಈ ಊರಿನ ಹೆಸರು ನಿಮಗೆ ಹೊಸದಲ್ಲ. ನಾನು ಇಲ್ಲಿಗೆ ಅರ್ಜಿ ಹಾಕಿದ್ದೇ ಆ ಹೆಸರಿಗಾಗಿ. ನೀವು ಯುದ್ಧಕೈದಿಯಾಗಿ ರೈಲ್ವೆ ಸೇತುವೆ ಕಟ್ಟಿದ ‘ಎರ್ಲಂಟಾಲು’ ಇದೇ ಅಪ್ಪ. ಮುರಿದು ನಿಂತ ಕಂಬಗಳ ಫೋಟೋ ತೆಗೆದು ನಿಮ್ಮ ಹುಟ್ಟುಹಬ್ಬಕ್ಕೆ ಕಳಿಸಬೇಕು, ನೀವು ಅದನ್ನು ಹಲಸೂರಿನಲ್ಲಿ ವರ್ಷಕ್ಕೊಮ್ಮೆ ಸೇರುವ ಹಳೇ ಸಿಪಾಯಿಗಳಿಗೆಲ್ಲ ತೋರಿಸಿ ಮೀಸೆ ತಿರುವಬೇಕು ಅಂತ ಲೆಕ್ಕ ಹಾಕಿಕೊಂಡು ಬಂದೆ.

ಸೇತುವೆ ಮುರಿದಿಲ್ಲ. ಇವತ್ತು ರಜೆ, ನಡೆದುಕೊಂಡು ಹೋಗಿ ನೋಡಿದೆ. ಹೊಳೆಗೆ ಅಡ್ಡಲಾಗಿ ನಾಲ್ಕು ಕಂಬ, ಮೇಲೆ ಕಬ್ಬಿಣದ ತೊಲೆ. ನಾನು ಕೆಳಗೆ ನಿಂತಿದ್ದಾಗಲೇ ಕಲ್ಲಿದ್ದಲು ತುಂಬಿದ ಗೂಡ್ಸು ಹೋಯಿತು. ಮೂವತ್ತೊಂದು ಡಬ್ಬಿ. ಎಣಿಸಿದೆ.

ನೀವು ಹೇಳಿದ ಕತೆ ನನಗೆ ಬಾಯಿಪಾಠ. ಇಪ್ಪತ್ತೆರಡು ಜನ ಕೈದಿಗಳು ರೆಡ್‌ಕ್ರಾಸ್ ಪೊಟ್ಟಣದಲ್ಲಿ ಬಂದ ಸಕ್ಕರೆ ತಿನ್ನದೆ ಉಳಿಸಿ ನಿಮಗೆ ಕೊಟ್ಟರು. ಕಲಸುವ ಡ್ರಮ್ಮಿನ ಹತ್ತಿರ ನಿಲ್ಲುತ್ತಿದ್ದವರು ನೀವು. ಎರಡನೆಯ ಕಂಬದ ಕಾಂಕ್ರೀಟಿಗೆ ಅದನ್ನು ಹಾಕಿದಿರಿ. ಸಕ್ಕರೆ ಬಿದ್ದ ಸಿಮೆಂಟು ಗಟ್ಟಿಯಾಗುವುದಿಲ್ಲ; ತುಂಬಿದ ರೈಲು ಬಂದ ದಿನ ಕಂಬ ಕುಸಿಯಲೇಬೇಕು. ಅದಕ್ಕೇ ಅಲ್ಲವೇ ನಿಮಗೆ ‘ಸಕ್ಕರೆ ಚೌಡಪ್ಪ’ ಅನ್ನುವ ಹೆಸರು? ಅದಕ್ಕೇ ಅಲ್ಲವೇ ನೀವು ಇವತ್ತಿಗೂ ಸಕ್ಕರೆ ಇಲ್ಲದ ಕಾಫಿ ಕುಡಿಯುವುದು?

ನನ್ನ ಕೋಣೆ ಹೊಳೆಯ ಆಚೆ, ಆಸ್ಪತ್ರೆ ಈಚೆ. ದಿನಾ ಬೆಳಿಗ್ಗೆ ಏಳು ಹತ್ತರ ರೈಲಿನಲ್ಲಿ ಆ ಕಂಬದ ಮೇಲೇ ಹಾದು ಬರುತ್ತೇನೆ. ಹತ್ತು ದಿನ ಗೊತ್ತಿಲ್ಲದೆ ಹಾದೆ. ನಾಳೆ ಗೊತ್ತಿದ್ದೇ ಹಾಯಬೇಕು. ಏನು ಮಾಡಲಿ, ಬೇಗ ಬರೆಯಿರಿ.

ನಿಮ್ಮ ಮಗಳು,
ಊರ್ಮಿಳಾ


ಮಾಲೂರು
೨೬ ನವೆಂಬರ್ ೧೯೬೭

ಚಿ. ಊರ್ಮಿಳಾಗೆ ಅಪ್ಪನ ಆಶೀರ್ವಾದ.

ಕಾಗದ ನಿನ್ನೆ ಸೇರಿತು. ನಿಮ್ಮಮ್ಮನಿಗೆ ಕಂಬಳಿಯ ಸುದ್ದಿಯಷ್ಟೇ ಓದಿ ಹೇಳಿದೆ.

ನೀನು ನೋಡಿದ್ದು ಬೇರೆ ಸೇತುವೆ ಇರಬೇಕು. ಆ ದೇಶದಲ್ಲಿ ಹೊಳೆಗೊಂದು ಸೇತುವೆಯಲ್ಲ, ಹತ್ತು. ನಮ್ಮದು ಯುದ್ಧ ಮುಗಿಯುವ ಹೊತ್ತಿಗೇ ಬಿದ್ದಿರುತ್ತದೆ. ಬಾಂಬಿಗೋ, ತಾನಾಗಿಯೋ. ಅವರು ಮತ್ತೆ ಕಟ್ಟಿರುತ್ತಾರೆ. ಜರ್ಮನಿಯವರು ಮುರಿದದ್ದನ್ನು ಹಾಗೇ ಬಿಡುವ ಜನವಲ್ಲ.

ಅಷ್ಟು ದೂರ ಹೋಗಿ ಓದಿ ಡಾಕ್ಟರಾದವಳು ಸೇತುವೆ ಕೆಳಗೆ ನಿಂತು ಗೂಡ್ಸಿನ ಡಬ್ಬಿ ಎಣಿಸುತ್ತಾಳೆ ಅಂದರೆ ಜನ ನಗುತ್ತಾರಮ್ಮ. ಅಷ್ಟು ದಿಗಿಲಾದರೆ ಬಸ್ಸಿನಲ್ಲಿ ಹೋಗು. ಇಲ್ಲ, ಈಚೆ ದಡದಲ್ಲೇ ಒಂದು ಕೋಣೆ ನೋಡಿಕೋ.

ಈ ವಿಷಯ ಅಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಡ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೇನೆ, ನೋವು ಕಡಿಮೆ.

ಇತಿ,
ಚೌಡಪ್ಪ


ಎರ್ಲೆನ್‌ಟಾಲ್
೧೪ ಡಿಸೆಂಬರ್ ೧೯೬೭

ಅಪ್ಪನವರಿಗೆ ನಮಸ್ಕಾರ.

ಬೇರೆ ಸೇತುವೆಯಲ್ಲ. ದಡದ ಕಲ್ಲಿನಲ್ಲಿ ೧೯೪೪ ಅಂತ ಕೆತ್ತಿದೆ. ಇನ್ನೂ ಗಟ್ಟಿ ಸಾಕ್ಷಿ ನನ್ನ ವಾರ್ಡಿನಲ್ಲೇ ಮಲಗಿದೆ. ಹೆರ್ ಕ್ರೆಮರ್ ಅಂತ, ಎಪ್ಪತ್ತೆರಡು ವರ್ಷ, ತೊಡೆಯ ಮೂಳೆ ಮುರಿದುಕೊಂಡು ಬಂದಿದ್ದಾರೆ. ನನ್ನ ಬಣ್ಣ ನೋಡಿ ಅವರಾಗಿಯೇ ಕೇಳಿದರು: “ನೀವು ಇಂಡಿಯಾದವರಾ ಫ್ರೌ ಡಾಕ್ಟರ್? ಯುದ್ಧದಲ್ಲಿ ನಿಮ್ಮವರು ನನ್ನ ಕೈಕೆಳಗೆ ಕೆಲಸ ಮಾಡಿದ್ದಾರೆ. ಇಲ್ಲಿಯ ಸೇತುವೆ ಅವರೇ ಕಟ್ಟಿದ್ದು.” ನಾನು ನಾಡಿ ಹಿಡಿದಿದ್ದೆ. ಅವರದಕ್ಕಿಂತ ನನ್ನದೇ ಜೋರಾಗಿ ಬಡಿಯುತ್ತಿತ್ತು. ನೀವು ನನ್ನ ತಂದೆ ಅಂತ ಹೇಳಲಿಲ್ಲ.

ಸೇತುವೆಯನ್ನು ಮತ್ತೆ ಕಟ್ಟಿದರಾ ಅಂತ ಕೇಳಿದೆ. ಒಂದು ಬಾಂಬು ಹೊಳೆಗೆ ಬಿತ್ತಂತೆ, ಮೀನು ಸತ್ತವಂತೆ, ಅಷ್ಟೇ. ಕಂಬಗಳು ಅವೇ.

ಭಾನುವಾರ ಮತ್ತೆ ಹೋಗಿದ್ದೆ. ಎರಡನೆಯ ಕಂಬದ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ ಇದೆ. ಸೀಳೋ, ನೀರು ಇಳಿದ ಕಲೆಯೋ ದಡದಿಂದ ತಿಳಿಯುವುದಿಲ್ಲ. ಮಿಕ್ಕ ಮೂರರ ಮೇಲೆ ಇಲ್ಲ.

ಬಸ್ಸು ಇದೆ. ಒಂದು ವಾರ ಅದರಲ್ಲೇ ಹೋದೆ. ಆದರೆ ಏಳು ಹತ್ತರ ರೈಲಿನಲ್ಲಿ ಆಚೆ ದಡದ ಸ್ಕೂಲು ಮಕ್ಕಳೆಲ್ಲ ಬರುತ್ತಾರೆ. ನನ್ನ ಮನೆಯೊಡತಿಯ ಮೊಮ್ಮಗಳು ಕೂಡ. ಎರಡು ಜಡೆ, ಹಲ್ಲು ಬಿದ್ದಿದೆ. ನಾನು ಬಸ್ಸಿನಲ್ಲಿ ಕೂತು ಕಿಟಕಿಯಿಂದ ಅವಳ ರೈಲು ಸೇತುವೆ ಹತ್ತುವುದನ್ನು ನೋಡಿದೆ. ನನ್ನ ಪ್ರಾಣ ಉಳಿಸಿಕೊಂಡು ಆ ಮಗುವನ್ನು ಕಳಿಸಿದ ಹಾಗಾಯಿತು. ಮಾರನೆಯ ದಿನದಿಂದ ಮತ್ತೆ ರೈಲಿಗೇ ಹೋಗುತ್ತಿದ್ದೇನೆ. ಸೇತುವೆ ದಾಟಲು ಹನ್ನೊಂದು ಸೆಕೆಂಡು ಬೇಕು. ಉಸಿರು ಬಿಗಿಹಿಡಿದಿರುತ್ತೇನೆ, ನನ್ನ ಉಸಿರಿನ ಭಾರವೂ ಅದಕ್ಕೆ ಬೀಳಬಾರದು ಅನ್ನುವ ಹಾಗೆ.

ರೈಲ್ವೆ ಕಚೇರಿಗೆ ಹೇಳಲೇಬೇಕು ಅನ್ನಿಸುತ್ತಿದೆ. ನಿಮ್ಮ ಹೆಸರು ಹೇಳದೆ ಹೇಳಲು ಸಾಧ್ಯವೇ? ಇಷ್ಟು ವರ್ಷದ ಮೇಲೆ ನಿಮಗೇನಾದರೂ ತೊಂದರೆ ಬರುತ್ತದೆಯೇ? ನೀವು ಮಾಡಿದ್ದು ಯುದ್ಧ, ತಪ್ಪಲ್ಲ. ಆದರೆ ಈಗ ಯುದ್ಧವಿಲ್ಲವಲ್ಲ ಅಪ್ಪ.

ಊರ್ಮಿಳಾ


ಮಾಲೂರು
೩೦ ಡಿಸೆಂಬರ್ ೧೯೬೭

ಚಿ. ಊರ್ಮಿಳಾಗೆ ಆಶೀರ್ವಾದ.

ಕಚೇರಿಗೆ ಹೋಗಬೇಡ. ಮೊದಲು ಇದನ್ನು ಪೂರ್ತಿ ಓದು.

ನಾನು ಗಾರೆ ಕೆಲಸದವರ ಮನೆಯಲ್ಲಿ ಹುಟ್ಟಿದವನು. ನಿಮ್ಮ ತಾತ ಸುಣ್ಣ ಅರೆಯುವಾಗ ಬೆಲ್ಲದ ನೀರು ಬಿಡುತ್ತಿದ್ದರು, ನೀನೇ ಚಿಕ್ಕವಳಿದ್ದಾಗ ಆ ತೊಟ್ಟಿಗೆ ಬೆರಳದ್ದಿ ನೆಕ್ಕಿ ನಾಲಿಗೆ ಸುಟ್ಟುಕೊಂಡಿದ್ದೆ. ಬೆಲ್ಲ ಬಿದ್ದ ಗಾರೆ ನೂರು ವರ್ಷ ನಿಲ್ಲುತ್ತದೆ, ಮೊಳೆ ಹೊಡೆದರೆ ಮೊಳೆ ಬಾಗುತ್ತದೆ. ಸಿಹಿ ಸುಣ್ಣಕ್ಕೆ ಬಲ. ಆ ವರ್ಷ ಜರ್ಮನಿಯಲ್ಲಿ ಸಿಮೆಂಟಿಗೆ ಬರ. ಎರಡನೆಯ ಕಂಬಕ್ಕೆ ಅವರು ಸುಣ್ಣ ತಂದುಹಾಕಿದ್ದರು. ನಾವು ಕೆಡಿಸಲು ಹಾಕಿದ್ದು ಅದಕ್ಕೆ ಒಳ್ಳೆಯದೇ ಮಾಡಿತು. ಈಗ ತಿಳಿಯಿತೇ, ಯಾಕೆ ಬಿದ್ದಿಲ್ಲ ಅಂತ? ಇದನ್ನು ಯಾರಿಗೂ ಹೇಳಿರಲಿಲ್ಲ, ನಾಚಿಕೆಯ ವಿಷಯ ಅಂತ.

ಸಕ್ಕರೆಯೂ ಬಹಳ ಇರಲಿಲ್ಲ. ಜನ ಹೇಳುತ್ತಾ ಹೇಳುತ್ತಾ ಬೊಗಸೆಯನ್ನು ಮೂಟೆ ಮಾಡಿದರು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಮಾಡಿಕೊಳ್ಳಬೇಡ. ಪರದೇಶ, ಒಂಟಿ ಹುಡುಗಿ. ಕೆಲಸ ಹೋದೀತು. ನಿಮ್ಮಮ್ಮ ರವೆಉಂಡೆ ಕಳಿಸಬೇಕು ಅನ್ನುತ್ತಿದ್ದಾಳೆ, ಪೋಸ್ಟಿನವನು ಬೇಡ ಅಂದ.

ಇತಿ,
ಚೌಡಪ್ಪ


ಎರ್ಲೆನ್‌ಟಾಲ್
೨೦ ಜನವರಿ ೧೯೬೮

ಅಪ್ಪನವರಿಗೆ,

ನಿಮ್ಮ ಸುಣ್ಣದ ಮಾತು ಓದಿ ಮನಸ್ಸು ಒಂದು ದಿನ ಹಗುರವಾಗಿತ್ತು. ತಾತನ ತೊಟ್ಟಿ, ಸುಟ್ಟ ನಾಲಿಗೆ ಎಲ್ಲ ನೆನಪಾಯಿತು. ಮಾರನೆಯ ದಿನ ಕ್ರೆಮರ್ ಅವರನ್ನು ಕೇಳಿದೆ. ನಕ್ಕುಬಿಟ್ಟರು. “ಸುಣ್ಣವೇ? ರೈಲ್ವೆ ಕಂಬಕ್ಕೆ? ಮಿಲಿಟರಿ ಲೈನು ಫ್ರೌ ಡಾಕ್ಟರ್, ನಮಗೆ ಊಟಕ್ಕಿಲ್ಲದಿದ್ದರೂ ಸಿಮೆಂಟಿಗೆ ಕೊರತೆಯಿರಲಿಲ್ಲ. ಮೂಟೆ ಎಣಿಸಿ ರುಜು ಹಾಕುತ್ತಿದ್ದವನೇ ನಾನು” ಅಂದರು.

ಮೊದಲು ಬೇರೆ ಸೇತುವೆ ಅಂದಿರಿ. ಆಮೇಲೆ ಸುಣ್ಣ ಅಂದಿರಿ. ಆಮೇಲೆ ಬೊಗಸೆ ಅಂದಿರಿ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೀರಿ ಅಂತ ಗೊತ್ತು. ಆದರೆ ನೀವು ಒಂದೊಂದು ಸಮಾಧಾನ ಹೇಳಿದ ಹಾಗೂ ನನಗೆ ಭಯ ಹೆಚ್ಚುತ್ತಿದೆ.

ಕ್ರೆಮರ್ ಇನ್ನೊಂದು ವಿಷಯ ಹೇಳಿದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಆ ಚಳಿಗಾಲ ಎರಡನೆಯ ಕಂಬದ ಕೆಲಸ ನಡೆಯುವಾಗ ಒಂದು ಮಧ್ಯಾಹ್ನ ಅವರು ಟಾರ್ಪಾಲಿನ ಹಿಂದೆ ಹೋದರಂತೆ. ಸಿಮೆಂಟು ಮೂಟೆಗಳ ಸಂದಿಯಲ್ಲಿ ಒಬ್ಬ ಕೈದಿ ಕುಕ್ಕರಗಾಲಲ್ಲಿ ಕೂತು ಅಂಗೈ ನೆಕ್ಕುತ್ತಿದ್ದನಂತೆ, ತುಟಿಯ ಸುತ್ತ ಬೆಳ್ಳಗೆ. “ಹಸಿವು ತಾಳದೆ ಸಿಮೆಂಟು ತಿನ್ನುತ್ತಿದ್ದಾನೆ ಅಂದುಕೊಂಡೆ. ಬೈಯಬೇಕಿತ್ತು, ಬೈಯಲು ಬಾಯಿ ಬರಲಿಲ್ಲ, ಮುಖ ತಿರುಗಿಸಿಕೊಂಡು ಬಂದೆ. ಇವತ್ತಿಗೂ ಒಂದು ತುಂಡು ಬ್ರೆಡ್ಡು ಕೊಡಬಹುದಿತ್ತಲ್ಲ ಅನ್ನಿಸುತ್ತದೆ” ಅಂದರು.

ನನಗೆ ತಕ್ಷಣ ಗೋವಿಂದಸ್ವಾಮಿ ಮಾವ ನೆನಪಾದರು. ನಿಮ್ಮ ಜೊತೆ ಸೆರೆಯಲ್ಲಿದ್ದು ಅಲ್ಲೇ ಎದೆ ಕೆಟ್ಟು ತೀರಿಹೋದರು ಅಂತ ನೀವು ಹೇಳುತ್ತಿದ್ದಿರಲ್ಲ, ಅವರೇ ಇರಬೇಕು ಪಾಪ. ಸಿಮೆಂಟಿನ ಪುಡಿ ಒಳಗೆ ಹೋದರೆ ಎದೆ ಕೆಡದೆ ಇರುತ್ತದೆಯೇ? ಮುಂದಿನ ಸಲ ಬಂದಾಗ ಬಂಗಾರಪೇಟೆಗೆ ಹೋಗಿ ಅಲಮೇಲಮ್ಮನವರಿಗೆ ಇದನ್ನು ಹೇಳಬೇಕು. ಅವರ ಗಂಡ ಹೇಗೆ ಹೋದರು ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿಲ್ಲ.

ನಾನು ತೀರ್ಮಾನ ಮಾಡಿದ್ದೇನೆ. ಇಪ್ಪತ್ತೊಂಬತ್ತನೇ ತಾರೀಕು ಸೋಮವಾರ ರೈಲ್ವೆ ಕಚೇರಿಗೆ ಹೋಗುತ್ತೇನೆ. ನಿಮ್ಮ ಒಪ್ಪಿಗೆ ಇಲ್ಲದೆ ನಾನು ಮಾಡುತ್ತಿರುವ ಮೊದಲ ಕೆಲಸ ಇದು. ಕ್ಷಮಿಸಿ.

ಊರ್ಮಿಳಾ


ಟೆಲಿಗ್ರಾಂ
ಮಾಲೂರು, ೩೦ ಜನವರಿ ೧೯೬೮

ಕಚೇರಿಗೆ ಹೋಗಬೇಡ. ಕಂಬ ಗಟ್ಟಿ ಇದೆ. ಕಾಗದ ಬರುತ್ತಿದೆ. ಅಪ್ಪ.


ಮಾಲೂರು
೩೦ ಜನವರಿ ೧೯೬೮

ಊರ್ಮಿಳಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಓದುತ್ತಿದ್ದ ಹಾಗೇ ನನ್ನ ಕೈ ತುಟಿಗೆ ಹೋಯಿತು. ನಿಮ್ಮಮ್ಮ “ಯಾಕೆ, ಏನ್ ಅಂಟ್ಕೊಂಡದೆ?” ಅಂದಳು.

ಅದು ಗೋವಿಂದಸ್ವಾಮಿ ಅಲ್ಲ. ಅದು ಸಿಮೆಂಟೂ ಅಲ್ಲ.

ಇಪ್ಪತ್ತೆರಡು ಜನ ಮೂರು ಪೊಟ್ಟಣದ ಸಕ್ಕರೆ ಮುಟ್ಟದೆ ತೆಗೆದಿಟ್ಟರು. ಒಂದು ಪೊಟ್ಟಣ ಬಂದರೆ ಹಬ್ಬ ಅನ್ನುವ ಕಾಲ ಅದು. ಗೋವಿಂದಸ್ವಾಮಿಗೆ ಆಗಲೇ ಕೆಮ್ಮು, ಅವನ ಪಾಲು ಅವನೇ ಇಟ್ಟುಕೊಳ್ಳಲಿ ಅಂದೆವು. ಅವನು ಒಪ್ಪಲಿಲ್ಲ. “ನನ್ ಸಕ್ರೆನೂ ಕಂಬಕ್ ಹೋಗ್ಲಿ ಚೌಡಣ್ಣ, ಊರಲ್ಲಿ ಹೇಳ್ಕೊಳೋಕ್ ಒಂದ್ ಮಾತಿರ್‍ಲಿ” ಅಂದ. ತುಪ್ಪದ ಡಬ್ಬದಲ್ಲಿ ತುಂಬಿ, ಮೂಟೆಗಳ ಸಂದಿಯಲ್ಲಿ ಬಚ್ಚಿಟ್ಟೆ. ಕಾಂಕ್ರೀಟು ಹನ್ನೊಂದು ದಿನದ ಕೆಲಸ. ದಿನಾ ಡ್ರಮ್ಮಿಗೆ ಇಷ್ಟಿಷ್ಟು ಹಾಕಬೇಕು ಅಂತ ಮಾತು.

ಮೊದಲನೆಯ ದಿನ ಹಿಡಿ ತುಂಬಿಕೊಂಡೆ. ಕೈ ಡ್ರಮ್ಮಿನ ಕಡೆ ಹೋಗಬೇಕಿತ್ತು, ಬಾಯಿಗೆ ಹೋಯಿತು. ನಾಳೆಯಿಂದ ಹಾಕೋಣ ಅಂದುಕೊಂಡೆ. ನಾಳೆಯೂ ಅದೇ ಆಯಿತು. ಐದನೆಯ ದಿನದ ಹೊತ್ತಿಗೆ ನಾಳೆಯಿಂದ ಅಂದುಕೊಳ್ಳುವುದನ್ನೂ ಬಿಟ್ಟೆ. ಹನ್ನೊಂದು ದಿನ ತಿಂದೆ. ಒಂದು ಹರಳೂ ಕಂಬಕ್ಕೆ ಹೋಗಿಲ್ಲ. ಕಾಂಕ್ರೀಟು ಚೆನ್ನಾಗಿಯೇ ಕಲಸಿದೆ. ಕೆಟ್ಟದಾಗಿ ಕಲಸಲು ಈ ಕೈಗೆ ಬರುವುದಿಲ್ಲ, ನಿಮ್ಮ ತಾತ ಹೊಡೆದು ಕಲಿಸಿದ ಕೆಲಸ.

ಯಾರೋ ಬಂದ ಸದ್ದು ಆ ದಿನ ಕೇಳಿತ್ತು. ತಲೆ ಎತ್ತಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದು ಗಾಳಿ ಅಂತಲೇ ನಂಬಿದ್ದೆ.

ಮಾರ್ಚಿನಲ್ಲಿ ಗೋವಿಂದಸ್ವಾಮಿ ಹಾಸಿಗೆ ಹಿಡಿದ. ಕೊನೆಗೆ ನನ್ನ ಕೈ ಹಿಡಿದು “ಹಾಕ್ದಾ ಚೌಡಣ್ಣ?” ಅಂದ. “ಹಾಕ್ದೆ” ಅಂದೆ. ನಕ್ಕ. ಆ ಡಬ್ಬದಲ್ಲಿ ಅರ್ಧ ಅವನಿಗೆ ಕೊಟ್ಟಿದ್ದರೆ ಇನ್ನೆರಡು ತಿಂಗಳು ಇರುತ್ತಿದ್ದನೋ ಏನೋ. ನೀನು ಡಾಕ್ಟರು, ನಿನಗೆ ಗೊತ್ತಿರುತ್ತದೆ. ನನಗೆ ಹೇಳಬೇಡ.

ಬಿಡುಗಡೆಯಾದ ಮೇಲೆ ಉಳಿದವರೆಲ್ಲ ನನ್ನನ್ನು ಹೆಗಲ ಮೇಲೆ ಹೊತ್ತರು. ಸಕ್ಕರೆ ಚೌಡಪ್ಪ ಅಂದರು. ಬೇಡ ಅನ್ನಲು ಆಗಲಿಲ್ಲ. ಕಾಫಿಗೆ ಸಕ್ಕರೆ ಬಿಟ್ಟಿದ್ದು ಯಾವ ವ್ರತವೂ ಅಲ್ಲ, ಬಾಯಿಗೆ ಹಾಕಿದರೆ ಆ ಟಾರ್ಪಾಲಿನ ವಾಸನೆ ಬರುತ್ತದೆ.

ಕಂಬ ಗಟ್ಟಿಯಾಗಿದೆ ಮಗಳೇ. ಧೈರ್ಯವಾಗಿ ಉಸಿರಾಡು. ಗೋವಿಂದಸ್ವಾಮಿಯ ಮೇಲೆ ಮಾತ್ರ ಹಾಕಬೇಡ.

ನಿನ್ನ ಅಪ್ಪ


ಎರ್ಲೆನ್‌ಟಾಲ್
೧೮ ಫೆಬ್ರವರಿ ೧೯೬೮

ಅಪ್ಪ,

ಟೆಲಿಗ್ರಾಂ ಬಂದಾಗ ನಾನು ಕಚೇರಿಗೆ ಹೋಗಿ ಎರಡು ದಿನವಾಗಿತ್ತು.

ಅಲ್ಲಿ ಹೆರ್ ಲಿಂಡ್ನರ್ ಅನ್ನುವ ಎಂಜಿನಿಯರ್ ಇದ್ದರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಎಲ್ಲ ಬರೆದುಕೊಂಡು, ಮೂರನೆಯ ದಿನ ರೈಲು ನಿಲ್ಲಿಸಿಬಿಟ್ಟರು. ಮಕ್ಕಳಿಗೆ ಬಸ್ಸು ಹಾಕಿದರು. ಸ್ಟೇಷನ್ನಿನಲ್ಲಿ ಕಾಗದ ಅಂಟಿಸಿದರು. ಯಾಕೆ ಅಂತ ಬರೆದಿರಲಿಲ್ಲ, ಆದರೆ ಇಡೀ ಊರಿಗೆ ಗೊತ್ತಿತ್ತು. ಮನೆಯೊಡತಿ ನನ್ನ ಜೊತೆ ಮಾತು ಬಿಟ್ಟಳು. ದೊಡ್ಡ ಡಾಕ್ಟರು ಕರೆದು, ನಿಮ್ಮ ತಂದೆಯ ಯುದ್ಧವನ್ನು ನಮ್ಮ ಆಸ್ಪತ್ರೆಗೆ ಯಾಕೆ ತಂದಿರಿ ಅಂದರು. ಟೆಲಿಗ್ರಾಂ ಕೈಯಲ್ಲಿ ಹಿಡಿದುಕೊಂಡು ‘ಗಟ್ಟಿ ಇದೆ’ ಅನ್ನುವುದನ್ನು ನೂರು ಸಲ ಓದಿದೆ. ನಂಬಲು ಆಗಲಿಲ್ಲ. ನಿಮ್ಮ ಮಾತನ್ನು ನಂಬಲು ಆಗದ ದಿನ ನನಗೆ ಬಂತಲ್ಲ ಅಂತ ಅತ್ತೆ.

ಕಾಗದ ಎಂಟನೇ ತಾರೀಕು ಬಂತು. ಮಾರನೆಯ ದಿನ ಲಿಂಡ್ನರ್ ಆಸ್ಪತ್ರೆಗೇ ಬಂದರು. ಕಂಬಕ್ಕೆ ಆರು ಕಡೆ ರಂಧ್ರ ಕೊರೆದು ನೋಡಿದ್ದರು. ಒಳಗಿಂದ ತೆಗೆದ, ಲಟ್ಟಣಿಗೆಯಂಥ ಒಂದು ತುಂಡನ್ನು ಮೇಜಿನ ಮೇಲಿಟ್ಟರು. ಕಪ್ಪು ಗೆರೆ ಬರೀ ನೀರಿನ ಕಲೆ. “ನಾಲ್ಕು ಕಂಬದಲ್ಲಿ ಇದೇ ಎಲ್ಲಕ್ಕಿಂತ ಗಟ್ಟಿ. ಸಕ್ಕರೆ ಎಲ್ಲಿ ಹೋಯಿತು ಫ್ರೌ ಡಾಕ್ಟರ್?” ಅಂದರು.

ಸುಳ್ಳು ಹೇಳಬಹುದಿತ್ತು. ಅಪ್ಪನಿಗೆ ವಯಸ್ಸಾಗಿದೆ, ಮರೆತಿದ್ದಾರೆ ಅನ್ನಬಹುದಿತ್ತು. “ನನ್ನ ತಂದೆ ತಿಂದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಹಸಿದಿದ್ದರು” ಅಂದೆ. ಅವರು ತುಂಡನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ, ‘ಮಾಹಿತಿ ತಪ್ಪೆಂದು ತಿಳಿದುಬಂದಿದೆ’ ಅಂತ ಬರೆದುಕೊಂಡು ಎದ್ದರು. ತುಂಡನ್ನು ಒಯ್ಯಲಿಲ್ಲ. ಅದು ನನ್ನ ಮೇಜಿನ ಮೇಲಿದೆ. ನಿಮ್ಮ ಕೈಕೆಲಸ.

ಕ್ರೆಮರ್ ಅವರಿಗೂ ಹೇಳಿದೆ, ಅವತ್ತು ಅಂಗೈ ನೆಕ್ಕುತ್ತಿದ್ದವರು ನೀವೇ, ಅದು ಸಕ್ಕರೆ ಅಂತ. “ಸಕ್ಕರೆಯೇ? ಸದ್ಯ, ದೇವರು ದೊಡ್ಡವನು” ಅಂತ ಮಗುವಿನ ಹಾಗೆ ಅತ್ತರು.

ನನಗೆ ನಿಮ್ಮ ಮೇಲೆ ಕೋಪ ಬಂದಿದೆ ಅಪ್ಪ. ತಿಂದದ್ದಕ್ಕಲ್ಲ. ನನಗೂ ಈಗ ಇಪ್ಪತ್ತಾರು. ನಾನಾಗಿದ್ದರೆ ಮೊದಲ ದಿನವೇ ಡಬ್ಬ ಖಾಲಿ ಮಾಡುತ್ತಿದ್ದೆನೇನೋ. ಮಕ್ಕಳು ಆ ಸೇತುವೆ ಮೇಲೆ ಹೋಗುತ್ತಿದ್ದಾರೆ ಅಂತ ನಾನು ಮೂರು ತಿಂಗಳು ಸಾಯುತ್ತಿದ್ದಾಗಲೂ ನಿಮಗೆ ಆ ಹೆಸರನ್ನು ಬಿಡಲು ಆಗಲಿಲ್ಲವಲ್ಲ, ಅದಕ್ಕೆ.

ನೀವು ಹೇಳಬೇಡ ಅಂದ ಉತ್ತರವನ್ನು ನಾನು ಹೇಳುವುದಿಲ್ಲ. ಅಲಮೇಲಮ್ಮನವರಿಗೂ ನಾನು ಬರೆಯುವುದಿಲ್ಲ. ಅದು ನನ್ನ ಬಾಯಿಂದ ಹೋಗಬೇಕಾದ ಮಾತಲ್ಲ.

ರೈಲು ಮತ್ತೆ ಓಡುತ್ತಿದೆ. ಸೇತುವೆ ಬಂದರೆ ಈಗಲೂ ಉಸಿರು ತಾನಾಗಿ ನಿಲ್ಲುತ್ತದೆ. ಅಭ್ಯಾಸ.

ಊರ್ಮಿಳಾ


ಮಾಲೂರು
೧೦ ಮಾರ್ಚ್ ೧೯೬೮

ಚಿ. ಊರ್ಮಿಳಾಗೆ,

ನಿನ್ನ ಕಾಗದ ಬಂದು ಹನ್ನೊಂದು ದಿನ ಸುಮ್ಮನೆ ಇಟ್ಟುಕೊಂಡಿದ್ದೆ. ದಿನಾ ನಾಳೆ ಹೋಗೋಣ ಅಂದುಕೊಳ್ಳುತ್ತಿದ್ದೆ. ನನ್ನ ನಾಳೆಗಳು ಹೇಗಿರುತ್ತವೆ ಅಂತ ಈಗ ನಿನಗೂ ಗೊತ್ತು.

ನಿನ್ನೆ ಬಂಗಾರಪೇಟೆಗೆ ಹೋದೆ. ಅಲಮೇಲಮ್ಮ ಬಾಗಿಲಲ್ಲಿ ಕೂತು ಹುರುಳಿಕಾಳು ಆರಿಸುತ್ತಿದ್ದಳು. “ಬಾಣ್ಣ” ಅಂದಳು. ಮನೆಯ ಗೋಡೆಯ ಮೇಲೆ ಗೋವಿಂದಸ್ವಾಮಿಯ ಫೋಟೋ, ಸಿಪಾಯಿ ಬಟ್ಟೆಯದು. ಮನೆಗೆ ಬಂದವರಿಗೆಲ್ಲ ಅವಳು ಹೇಳುವ ಮಾತು ಒಂದೇ: ನಮ್ಮೋರ್ ಸಕ್ರೆ ಜರ್ಮನಿ ಸೇತ್ವೆಲೈತೆ.

ಹೇಳಿದೆ. ನಿನಗೆ ಬರೆದ ಹಾಗೇ, ಕೈ ಬಾಯಿಗೆ ಹೋದದ್ದರಿಂದ “ಹಾಕ್ದೆ” ಅಂದದ್ದರವರೆಗೆ. ಅವಳು ಮೊರದಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ಒಂದೇ ಮಾತು ಕೇಳಿದಳು. “ಅವರ್ ಪಾಲಿಂದೂ ತಿಂದ್ರಾ?”

“ಹೂಂ” ಅಂದೆ.

ಎದ್ದು ಒಳಗೆ ಹೋದಳು. ಕಾಳು ಹಾಗೇ ಬಿಟ್ಟು ಹೋದಳು. ಬಾಗಿಲು ಹಾಕುತ್ತಾಳೆ ಅಂದುಕೊಂಡೆ. ಹಾಕಿದರೆ ಎದ್ದು ಹೋಗಬಹುದಿತ್ತು. ಹಾಕಲಿಲ್ಲ. ಬಿಸಿಲು ಮೆಟ್ಟಿಲು ಹತ್ತಿ ನನ್ನ ಕಾಲ ಮೇಲೆ ಬರುವವರೆಗೆ ಕೂತೇ ಇದ್ದೆ.

ಆಮೇಲೆ ಬಂದಳು. ಲೋಟ ನನ್ನ ಮುಂದೆ ಇಟ್ಟು ಮತ್ತೆ ಮೊರ ತೆಗೆದುಕೊಂಡಳು. ಅವಳ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕಾಫಿ ಕುಡಿದಿದ್ದೇನೆ, ಚೌಡಣ್ಣನಿಗೆ ಸಕ್ಕರೆ ಇಲ್ಲ ಅಂತ ಅವಳ ಮೊಮ್ಮಗುವಿಗೂ ಗೊತ್ತು. ಬಾಯಿಗಿಟ್ಟೆ. ಸಕ್ಕರೆ ಹಾಕಿತ್ತು. ಒಂದು ಚಮಚವಲ್ಲ, ಲೋಟದ ತಳದಲ್ಲಿ ಕರಗದೆ ಉಳಿಯುವಷ್ಟು.

ಕ್ಷಮಿಸಿ ಹಾಕಿದಳೋ, ಶಿಕ್ಷೆಗೆ ಹಾಕಿದಳೋ ಕೇಳಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ತಳದಲ್ಲಿ ಉಳಿದದ್ದನ್ನೂ ಬೆರಳಲ್ಲಿ ಬಳಿದು, ಅವಳ ಕಣ್ಣೆದುರಿಗೇ ತಿಂದೆ.

ನಿನ್ನ ಅಪ್ಪ,
ಚೌಡಪ್ಪ